ಕೊಕ್ಕೆಯ ತೂಕ

ಪಕ್ಕದ ಸಾಲಿನ ಲಿಫ್ಟು ಬಿದ್ದ ದಿನ ಭಾವ ಕೆಲಸ ನಿಲ್ಲಿಸಲಿಲ್ಲ. ಅಲ್ಲಿಯ ಗರಗಸದವನು, ತಿರುಗುತ್ತಿದ್ದ ತನ್ನ ಗರಗಸದ ಮೇಲೆಯೇ ಬಿದ್ದು ತೊಡೆಯಿಂದ ಮೊಣಕಾಲಿನವರೆಗೆ ಸೀಳಿಕೊಂಡಿದ್ದ. ಅವನ ಕೂಗು ಯಂತ್ರಗಳ ಸದ್ದನ್ನೂ ಮೀರಿ ಕೇಳುತ್ತಿತ್ತು. ನೆಲದ ಮೇಲೆ ಹಂದಿಯ ರಕ್ತ ಯಾವುದು, ಅವನದು ಯಾವುದು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಭಾವ ಒಮ್ಮೆ ತಿರುಗಿ ನೋಡಿದ. ಮುಂದೆ ತೂಗುತ್ತಿದ್ದ ಹಂದಿಯನ್ನು ಬಾಲದಿಂದ ಕತ್ತಿನವರೆಗೆ ಸೀಳಿ ಮುಗಿಸಿ ಮುಂದಿನದಕ್ಕೆ ಕೈ ಹಾಕಿದ.

"ಅವನು ದಪ್ಪ ಇದ್ದ," ಎಂದ ಊಟದ ಹೊತ್ತಿಗೆ. "ಲಿಫ್ಟು ಭಾರ ತಡೀಲಿಲ್ಲ ಅಷ್ಟೇ."

ಭಾವ ಅವನಿಗಿಂತ ದಪ್ಪ ಇದ್ದ.

ನಮ್ಮದು ದಿನಕ್ಕೆ ಎಂಟುನೂರು ಹಂದಿ ಕಡಿಯುವ ಕಾರ್ಖಾನೆ. ಹಿಂಗಾಲಿಗೆ ಕೊಕ್ಕೆ ಸಿಕ್ಕಿಸಿಕೊಂಡು, ತಲೆಕೆಳಗಾಗಿ, ಮೇಲಿನ ಕಂಬಿಯಲ್ಲಿ ಒಂದರ ಹಿಂದೊಂದು ಉರುಳಿಕೊಂಡು ಬರುತ್ತವೆ. ಗರಗಸದವನು ಲಿಫ್ಟಿನ ಮೇಲೆ ನಿಂತು ಮೇಲಿಂದ ಸೀಳುತ್ತಾ ಬಂದಂತೆ ಲಿಫ್ಟು ಅವನನ್ನು ನಿಧಾನವಾಗಿ ಕೆಳಗಿಳಿಸುತ್ತದೆ. ಭಾವ ಹತ್ತೊಂಬತ್ತು ವರ್ಷದಿಂದ ಆ ಕೆಲಸದಲ್ಲಿದ್ದ. ಬೆನ್ನುಮೂಳೆಯ ನಟ್ಟನಡುವೆ ಹೋಗುತ್ತಿದ್ದ; ಕೂದಲೆಳೆಯಷ್ಟೂ ಆಚೀಚೆಯಾಗುತ್ತಿರಲಿಲ್ಲ. ಎಲ್ಲರೂ ಅವನನ್ನು ಇಬ್ಭಾಗಣ್ಣ ಎನ್ನುತ್ತಿದ್ದರು. ಅವನ ಹೆಂಡತಿಯ ತಮ್ಮನಾದ ನಾನು ಅವನಿಂದ ಹತ್ತು ಹೆಜ್ಜೆ ಆಚೆ, ತೂಕದ ಜಾಗದಲ್ಲಿ. ಅವನು ಎರಡು ಮಾಡಿದ್ದು ಒಂದೇ ಕೊಕ್ಕೆಯಲ್ಲಿ ನೇತಾಡುತ್ತಾ ನನ್ನ ಮುಂದೆ ಬಂದು ನಿಲ್ಲುತ್ತದೆ, ಪರದೆಯ ಮೇಲೆ ಅಂಕಿ ಮೂಡುತ್ತದೆ, ನಾನು ಚೀಟಿ ಅಂಟಿಸಿ ಮುಂದೆ ತಳ್ಳುತ್ತೇನೆ. ಹನ್ನೊಂದು ವರ್ಷದಿಂದ ಇದೇ.

ಲಿಫ್ಟು ಬಿದ್ದ ವಾರಕ್ಕೆ ನೋಟೀಸು ಬಂತು. ನೂರ ಐದು ಕಿಲೋಗಿಂತ ಹೆಚ್ಚಿರುವವರು ಇನ್ನು ಲಿಫ್ಟು ಹತ್ತುವಂತಿಲ್ಲ. ಎಂಟು ವಾರ ಸಮಯ. ಇಳಿಯದವರು ಕೆಳಗಿನ ಕರುಳಿನ ಕೋಣೆಗೆ. ಅಲ್ಲಿ ದಿನವಿಡೀ ಮೊಣಕೈವರೆಗೆ ನೀರಿನಲ್ಲಿ ಕೈಯಿಟ್ಟು ಕರುಳು ತಿರುವಿ ತೊಳೆಯಬೇಕು.

ಆರೋಗ್ಯದ ಕೋಣೆಯಲ್ಲಿ ನರ್ಸಮ್ಮ ಭಾವನನ್ನು ತೂಗಿದಳು. ನೂರ ಹದಿನಾರು.

ಇದನ್ನು ಕೇಳಿ ನಾನು ಹೆದರಿದ್ದು ಭಾವನ ಕೆಲಸದ ಚಿಂತೆಯಿಂದಲ್ಲ. ಆರು ವರ್ಷದ ಹಿಂದೆ ಅವನು ಹೆಬ್ಬೆರಳು ಕುಯ್ದುಕೊಂಡು ಒಂದು ತಿಂಗಳು ಗರಗಸ ಬಿಟ್ಟು ಮನೆಯಲ್ಲಿ ಕೂತಿದ್ದ. ಆ ಒಂದು ತಿಂಗಳಲ್ಲಿ ಅಕ್ಕನ ಮಣಿಕಟ್ಟು ಮುರಿಯಿತು, ಎರಡು ಪಕ್ಕೆಲುಬು ಮುರಿದವು, ಎಡಗಿವಿ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ. ಓಡಿಹೋಗಲು ನೋಡಿದಾಗ ಬಸ್ ನಿಲ್ದಾಣದಿಂದ ಕೂದಲು ಹಿಡಿದು ಎಳೆದು ತಂದಿದ್ದ. ನಾನು ನಾಲ್ಕು ಬೀದಿ ಆಚೆಗಿದ್ದೆ. ನನಗೆ ಗೊತ್ತಿತ್ತು. ಮೂವತ್ತೊಂದನೆಯ ದಿನ ಅವನು ಗರಗಸಕ್ಕೆ ಮರಳಿದ, ಮನೆಯಲ್ಲಿ ಏಟು ನಿಂತಿತು. ಸಂಜೆ ಬಂದರೆ ತೋಳು ಎತ್ತಲಾಗದಷ್ಟು ದಣಿದಿರುತ್ತಿದ್ದ, ಉಂಡು ಮಲಗುತ್ತಿದ್ದ.

"ಗರಗಸ ಅವರ ಕೈಯಲ್ಲಿ ಇರೋ ತನಕ ನನಗೇನೂ ಆಗಲ್ಲ ಬಿಡೋ," ಎನ್ನುತ್ತಿದ್ದಳು ಅಕ್ಕ, ಹೊರಗೆ ಮೋಡ ಇದೆಯೋ ಇಲ್ಲವೋ ಎಂದು ಹೇಳುವ ದನಿಯಲ್ಲಿ.

ನರ್ಸಮ್ಮ ಒಳ್ಳೆಯವಳು. ಕುಳ್ಳಿ, ಚುರುಕು, ಯಾರಿಗೂ ಹೆದರದವಳು. ಭಾವನನ್ನು ಕೂರಿಸಿ ಅರ್ಧ ಗಂಟೆ ಹೇಳಿದಳು. ತಟ್ಟೆಯ ಅರ್ಧ ತರಕಾರಿ ಇರಬೇಕು. ಕರಿದದ್ದು ಬೇಡ. ಟೀಗೆ ಸಕ್ಕರೆ ಬೇಡ. ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಿರಿ. ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ. ಉಪವಾಸ ಮಾತ್ರ ಮಾಡಬೇಡಿ. ವಾರಕ್ಕೆ ಒಂದು ಕಿಲೋ ಇಳಿದರೆ ಸಾಕು, ಅದೇ ಬಹಳ.

"ವಾರಕ್ಕೊಂದಾದ್ರೆ ಎಂಟೇ ಆಯ್ತಲ್ಲ ಸಿಸ್ಟರ್. ನಂಗೆ ಹನ್ನೊಂದು ಬೇಕು."

"ಮನುಷ್ಯನ ಮೈ ಅದು, ಹಂದಿ ಅಲ್ಲ, ಎರಡು ಮಾಡಿ ಅರ್ಧ ಎಸೆಯೋಕೆ. ಬೇಕಿದ್ರೆ ಪ್ರತಿ ಸೋಮವಾರ ಬನ್ನಿ, ನಾನೇ ತೂಗ್ತೀನಿ."

ಬಾಗಿಲಲ್ಲಿ ಸಾಲು ನಿಂತಿದ್ದವರು ನಕ್ಕರು. ಎಂಟು ವಾರ ಮುಗಿಯುವವರೆಗೆ ಭಾವ ಆ ಕೋಣೆಗೆ ಮತ್ತೆ ಕಾಲಿಡಲಿಲ್ಲ.

ಶುಕ್ರವಾರ ದಿನದ ಕೆಲಸ ನಿಂತ ಮೇಲೆ ನನ್ನ ಬಳಿ ಬಂದ. "ಲೋ ಭಾಮೈದ, ನಿನ್ನ ತಕ್ಕಡಿ ಆನ್ ಮಾಡು. ಆ ನರ್ಸಮ್ಮಂದು ಕೂಸು ತೂಗೋ ಆಟದ ಸಾಮಾನು. ಇದು ಸುಳ್ಳು ಹೇಳಲ್ಲ."

ನನ್ನ ತಕ್ಕಡಿ ಎಂದರೆ ಕಂಬಿಯಲ್ಲೇ ಸೇರಿಸಿದ ಒಂದು ಮೊಳದ ತುಂಡು. ಅದಕ್ಕೆ ಏನು ನೇತಾಡುತ್ತದೋ ಅದರ ತೂಕ ಪರದೆಗೆ ಬರುತ್ತದೆ. ಅದರ ಮೇಲೆ ಖಾಲಿ ಕೊಕ್ಕೆಯೊಂದು ನಿಂತಿತ್ತು. ಭಾವ ಎರಡೂ ಕೈ ಮೇಲೆತ್ತಿದಾಗ ಅದರ ಮೊನೆ ಅವನ ಮಣಿಕಟ್ಟಿಗೆ ತಾಗುವಂತಿತ್ತು. ಚುಚ್ಚೀತು ಎಂದು ನಾನೇ ಅದನ್ನು ಆಚೆಗೆ ಸರಿಸಿದೆ. ಆ ದಿನ ನಾನು ಮಾಡಿದ ತಪ್ಪು ಅಷ್ಟೇ. ಭಾವ ಕಂಬಿ ಹಿಡಿದು ಜೋತುಬಿದ್ದು ಮೊಣಕಾಲು ಮಡಚಿದ.

ನೂರ ಹತ್ತು.

"ಆರು ಕಿಲೋ!" ಎಂದು ಕೆಳಗೆ ಹಾರಿ ನನ್ನನ್ನು ತಬ್ಬಿ ನೆಲದಿಂದ ಎತ್ತಿದ. "ಒಂದೇ ವಾರಕ್ಕೆ ಆರು ಕಿಲೋ ಕಣೋ!" ಅವನ ಏಪ್ರನ್ನಿನ ರಕ್ತವೆಲ್ಲ ನನ್ನ ಎದೆಗೆ ಹತ್ತಿತು. ನನಗೂ ಖುಷಿಯಾಯಿತು. ಎರಡು ಹೊತ್ತು ಸೊಪ್ಪು ಮಾತ್ರ ತಿಂದವನಿಗೆ ಆರು ಇಳಿದರೆ ಆಶ್ಚರ್ಯವೇನು ಎಂದುಕೊಂಡೆ. ಆ ದಿನ ಅಕ್ಕನಿಗೆ ಒಂದು ಜೊತೆ ಚಪ್ಪಲಿ ತಂದನಂತೆ.

ಮನೆಯಲ್ಲಿ ನರ್ಸಮ್ಮನ ಮಾತು ಕಾನೂನಾಯಿತು. ನಾನು ಭಾನುವಾರ ಊಟಕ್ಕೆ ಹೋದಾಗ ಕಂಡೆ. ಭಾವ ತಟ್ಟೆಯ ನಡುವೆ ಚಾಕುವಿನ ಹಿಂಬದಿಯಿಂದ ಗೆರೆ ಎಳೆದಿದ್ದ, ಅಕ್ಕನ ತಟ್ಟೆಗೂ. ಗೆರೆಯ ಈಚೆ ಬೇಯಿಸಿದ ಕೋಸು, ಕ್ಯಾರೆಟ್ಟು. ಆಚೆ ಒಂದು ಹಿಡಿ ಅನ್ನ, ಒಂದು ಮೊಟ್ಟೆ. ಅಕ್ಕನೂ ಅವನ ಜೊತೆಯಲ್ಲೇ ಅಗಿಯಬೇಕು. ಅವನಿಗಿಂತ ಮೊದಲು ನುಂಗಿದರೆ ಮೇಜಿನ ಮೇಲೆ ಮುಷ್ಟಿ ಬೀಳುತ್ತಿತ್ತು.

"ಅಗಿ."

"ಅಗೀತಾ ಇದೀನ್ರೀ."

"ನುಂಗಿದೆ ನೀನು. ಗಂಟಲು ಅಲ್ಲಾಡಿದ್ದು ನೋಡಿದೆ."

"ಮೊಟ್ಟೆ ತಾನಾಗೇ ಜಾರಿ ಹೋದ್ರೆ ನಾನೇನು ಮಾಡ್ಲಿ? ಕೈ ಹಾಕಿ ವಾಪಸ್ ತೆಗೀಲಾ?" ಎಂದಳು ಅಕ್ಕ. ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಭಾವ ಅವಳನ್ನು ನೋಡಿದ, ಆಮೇಲೆ ನಕ್ಕ. ಆ ವಾರ ಅವನು ನಗಬಲ್ಲವನಾಗಿದ್ದ. ಪರದೆ ನೂರ ಎಂಟೂವರೆ ತೋರಿಸಿತ್ತು.

ಸಂಜೆ ಇಬ್ಬರೂ ನಡೆಯಲು ಹೋಗುತ್ತಿದ್ದರು. ಅವನು ಮುಂದೆ, ನೀರಿನ ಬಾಟಲಿ ಹಿಡಿದು ಅವಳು ಹಿಂದೆ. ಮೊದಲ ವಾರ ಅಕ್ಕ ಏದುಸಿರು ಬಿಡುತ್ತಿದ್ದಳು. ಮೂರನೆಯ ವಾರಕ್ಕೆ ಏದುಸಿರು ಬಿಡುತ್ತಿದ್ದವನು ಅವನು. ಅಕ್ಕ ಬೇಕೆಂದೇ ಹೆಜ್ಜೆ ಚಿಕ್ಕದು ಮಾಡಿ ಹಿಂದೆ ಉಳಿಯುತ್ತಿದ್ದಳು.

"ನರ್ಸಮ್ಮ ಹೇಳಿದ್ದು ಸುಳ್ಳಲ್ಲ ಕಣೋ," ಎಂದಳು ನನ್ನ ಕಿವಿಯಲ್ಲಿ. "ಮಂಡಿನೋವು ಹೋಯ್ತು. ರಾತ್ರಿ ಒಳ್ಳೆ ನಿದ್ದೆ. ಬೇರೆ ಯಾರಿಗೋ ಹೇಳಿದ್ದು ನಂಗೆ ಹತ್ತಿದೆ ನೋಡು."

ಅದೇ ಮೂರನೆಯ ವಾರ ನರ್ಸಮ್ಮ ಉಳಿದ ಕೆಲಸಗಾರರನ್ನೂ ಒಬ್ಬೊಬ್ಬರಾಗಿ ತೂಗಿದಳು. ನಾನು ಅರವತ್ತಮೂರು ಬಂದೆ. ನಾನೇಕೆ ಹಾಗೆ ಮಾಡಿದೆನೋ, ಮಾರನೆಯ ದಿನ ಬೆಳಿಗ್ಗೆ ಸಾಲು ಶುರುವಾಗುವ ಮೊದಲು, ಕೊಕ್ಕೆ ಸರಿಸಿ, ನನ್ನ ಕಂಬಿಗೆ ನಾನೇ ಜೋತುಬಿದ್ದೆ. ಪರದೆ ಐವತ್ತೆಂಟೂವರೆ ಎಂದಿತು.

ಕೈ ಬಿಟ್ಟೆ. ನೆಲಕ್ಕೆ ಬಂದ ಮೇಲೂ ಬೀಳುತ್ತಲೇ ಇದ್ದ ಹಾಗಿತ್ತು.

ಪ್ರತಿ ಹಂದಿಯೂ ಕೊಕ್ಕೆಯ ಜೊತೆ ಬರುತ್ತದೆ. ಕೊಕ್ಕೆ, ಅದರ ಗಾಲಿ, ಎಲ್ಲ ಸೇರಿ ನಾಲ್ಕೂವರೆ ಕಿಲೋ. ಯಂತ್ರ ಅದನ್ನು ತಾನಾಗಿಯೇ ಕಳೆದು ಮಾಂಸದ ತೂಕ ಮಾತ್ರ ತೋರಿಸುತ್ತದೆ. ಕೊಕ್ಕೆ ಇಲ್ಲದಿದ್ದರೂ ಕಳೆಯುತ್ತದೆ, ಅದಕ್ಕೇನು ಗೊತ್ತು. ಏನೂ ಇಲ್ಲದಿದ್ದಾಗ ಸುಮ್ಮನೆ ಸೊನ್ನೆ ತೋರಿಸುತ್ತಾ ಕೂರುತ್ತದೆ. ಹನ್ನೊಂದು ವರ್ಷ ಅದರ ಮುಂದೆ ನಿಂತು ಅದು ತೋರಿಸಿದ್ದೇ ತೂಕ ಎಂದು ನನ್ನ ಕಣ್ಣಿಗೆ ಅಭ್ಯಾಸವಾಗಿಹೋಗಿತ್ತು.

ಆ ಶುಕ್ರವಾರ ಹೇಳಬೇಕೆಂದಿದ್ದೆ. ಅವನು ಬಂದು ಜೋತುಬಿದ್ದ, ನೂರ ಏಳೂವರೆ. "ಇನ್ನೆರಡೂವರೆ, ಐದು ವಾರ ಇದೆ, ಸತ್ತೇ ಹೋಯ್ತು ಅದು!" ಎಂದು ಕುಣಿದ. ನಿಜವಾದ ತೂಕ ನೂರ ಹನ್ನೆರಡು ಎಂದು ಹೇಳಿದರೆ ಆ ಕೈಗಳು ಮನೆಗೆ ಹೋಗಿ ಏನು ಮಾಡುತ್ತವೆ ಎಂದು ಯೋಚಿಸಿದೆ. ನಾಳೆ ಹೇಳೋಣ ಎಂದುಕೊಂಡೆ. ಆಮೇಲೆ ಮುಂದಿನ ವಾರ ಎಂದುಕೊಂಡೆ.

ಆ ಹೊತ್ತಿಗೆ ಅವನು ನರ್ಸಮ್ಮನ ಮಾತು ಬಿಟ್ಟು ತನ್ನದೇ ದಾರಿ ಹಿಡಿದಿದ್ದ. ಮಧ್ಯಾಹ್ನದ ಊಟ ನಿಲ್ಲಿಸಿದ. ಬಿಸಿಲಿನಲ್ಲೂ ಪ್ಲಾಸ್ಟಿಕ್ ಅಂಗಿ ಹಾಕಿಕೊಂಡು ಬೆವರಿದ. ಊಟದ ಕೋಣೆಯಲ್ಲಿ ಖಾಲಿ ಮೇಜಿನ ಮುಂದೆ ಕೂತು ಬೇರೆಯವರ ಬಾಯಿ ನೋಡುತ್ತಿದ್ದ.

ಕರುಳಿನ ಕೋಣೆಯವನೊಬ್ಬನಿದ್ದ, ಬಾಯಿಬಡುಕ. ಒಂದು ದಿನ ಬೆಣ್ಣೆ ಹಚ್ಚಿದ ಬ್ರೆಡ್ಡು ಹಿಡಿದು ಭಾವನ ಎದುರೇ ಬಂದು ಕೂತ.

"ಇಬ್ಭಾಗಣ್ಣ, ಕೆಳಗಡೆ ನಿಮಗೆ ಅಂತ ಒಂದು ತೊಟ್ಟಿ ಖಾಲಿ ಮಾಡಿದ್ದೀವಿ. ದೊಡ್ಡದು. ಹೊಟ್ಟೆನೂ ಒಳಗೇ ಇಟ್ಕೊಂಡು ತೊಳೀಬಹುದು."

ಭಾವ ಅವನ ತಲೆಯ ಹಿಂಭಾಗಕ್ಕೆ ಅಂಗೈ ಇಟ್ಟು, ಬಾಗಿಲು ತಳ್ಳುವ ಹಾಗೆ ಸಲೀಸಾಗಿ, ಮುಖವನ್ನು ಮೇಜಿನ ಅಂಚಿಗೆ ಬಡಿದ. ಎರಡನೆಯ ಸಲ ಬಡಿದಾಗ ಹಲ್ಲು ಉದುರಿದ ಸದ್ದು ಸ್ಟೀಲಿನ ಮೇಲೆ ಕೇಳಿತು. ಮೂರನೆಯ ಸಲಕ್ಕೆ ನಾವು ಐದು ಜನ ಅವನ ತೋಳಿಗೆ ಜೋತುಬಿದ್ದಿದ್ದೆವು. ಬಾಯಿಬಡುಕ ನೆಲದ ಮೇಲೆ ಅಂಬೆಗಾಲಿಟ್ಟು, ರಕ್ತ ಉಗುಳುತ್ತಾ, ತನ್ನ ಹಲ್ಲುಗಳನ್ನು ಹುಡುಕುತ್ತಿದ್ದ. ಭಾವ ಬ್ರೆಡ್ಡನ್ನು ನೋಡುತ್ತಿದ್ದ. ಅದರ ಮೇಲೂ ರಕ್ತ ಸಿಡಿದಿತ್ತು. ಅವನಿಗೆ ಅದು ಬೇಕಿತ್ತು; ಮುಖದಲ್ಲೇ ಕಾಣುತ್ತಿತ್ತು.

ನರ್ಸಮ್ಮ ಓಡಿಬಂದು ಬಾಯಿಬಡುಕನ ಬಾಯಿಗೆ ಹತ್ತಿ ತುರುಕುತ್ತಾ ಭಾವನ ಕಡೆ ತಿರುಗಿ ಹೇಳಿದಳು, "ಹೊತ್ತಿಗೆ ಸರಿಯಾಗಿ ತಿನ್ನಿ ಅಂತ ಹೇಳಿದ್ದು ಇದಕ್ಕೇ. ಹಸಿದ ಮನುಷ್ಯ ಯಾರ ಮಾತೂ ಕೇಳಲ್ಲ."

ಗರಗಸಕ್ಕೆ ಅವನಂಥ ಕೈ ಬೇರೆ ಇರಲಿಲ್ಲ. ಮೇಸ್ತ್ರಿ ಎಚ್ಚರಿಕೆ ಕೊಟ್ಟು ಬಿಟ್ಟ. ಬಾಯಿಬಡುಕ ತಾನೇ ಕಾಲು ಜಾರಿ ಬಿದ್ದೆ ಎಂದು ಬರೆದುಕೊಟ್ಟ.

ಐದನೆಯ ಶುಕ್ರವಾರ ಅಂಕಿ ಇಳಿಯಲಿಲ್ಲ. ಹಿಂದಿನ ವಾರದ ಅದೇ ನೂರ ಆರೂವರೆ. ಭಾವ ಮೂರು ಸಲ ಜೋತುಬಿದ್ದು ನೋಡಿದ. ಆಮೇಲೆ ಹೊರಟ. ನಾನು ಅವನ ಹಿಂದೆಯೇ ಓಡಿದೆ. ಮನೆ ಮುಟ್ಟುವಷ್ಟರಲ್ಲಿ ಒಳಗಿಂದ ಸದ್ದು ಕೇಳಿತು. ಅಕ್ಕ ತನಗೆಂದು ಎರಡು ತುಂಡು ಆಲೂಗೆಡ್ಡೆ ಕರಿಯುತ್ತಿದ್ದಳಂತೆ. ಬಾಣಲೆ ಗೋಡೆಗೆ ಬಿದ್ದಿತ್ತು. ಸುಡುವ ಎಣ್ಣೆ ಗೋಡೆಯಿಂದ ಇಳಿಯುತ್ತಿತ್ತು. ಅವಳ ಬಲಗಾಲಿನ ಮೇಲ್ಭಾಗ ಕೆಂಪಗೆ ಸುಲಿದು ನೀರುಗುಳ್ಳೆ ಏಳುತ್ತಿತ್ತು. ಭಾವ ಕುರ್ಚಿಯಲ್ಲಿ ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ.

"ನಾನು ಅವಳನ್ನ ಮುಟ್ಟಿಲ್ಲ," ಎಂದ ನನಗೆ. "ಕೇಳು ಬೇಕಾದ್ರೆ. ಬಾಣಲೆ ಮಾತ್ರ."

ಆರನೆಯ ಶುಕ್ರವಾರ ಅವನು ಜೋತುಬಿದ್ದಾಗ ನಾನು ಹಿಂದೆ ನಿಂತು, "ಅಲ್ಲಾಡಬೇಡಿ ಭಾವ, ಅಂಕಿ ನಿಲ್ಲಲ್ಲ," ಎಂದು ಅವನ ಸೊಂಟಕ್ಕೆ ಎರಡೂ ಅಂಗೈ ಕೊಟ್ಟು ಒಂದಿಷ್ಟು ಮೇಲೆತ್ತಿದೆ. ನೂರ ನಾಲ್ಕು ಮುಕ್ಕಾಲು. ಅವನು ಕಣ್ಣುಮುಚ್ಚಿ ಉಸಿರುಬಿಟ್ಟ. ಆ ದಿನದಿಂದ ಹಿಡಿತ ಸ್ವಲ್ಪ ಸಡಿಲಿಸಿದ, ಗೆದ್ದಾಯಿತಲ್ಲ. ಮಧ್ಯಾಹ್ನ ಊಟ ಶುರುಮಾಡಿದ. ಮೂರನೆಯ ವಾರವೇ ಹೇಳಿದ್ದರೆ ಅವನು ಹಟಕ್ಕೆ ಬಿದ್ದು ಆ ನಾಲ್ಕೂವರೆಯನ್ನೂ ಇಳಿಸುತ್ತಿದ್ದನೇನೋ. ಇದನ್ನು ನಾನು ದಿನಾ ಯೋಚಿಸುತ್ತೇನೆ.

ಎಂಟನೆಯ ವಾರದ ಗುರುವಾರ ಅಕ್ಕನಿಗೆ ಹೇಳಿದೆ. ಭಾವ ಇನ್ನೂ ಬಂದಿರಲಿಲ್ಲ. ಅವಳು ಕಾಲಿನ ಕಟ್ಟು ಬದಲಾಯಿಸುತ್ತಿದ್ದಳು. ಮಾತು ಮುಗಿಯುವವರೆಗೂ ತಲೆ ಎತ್ತಲಿಲ್ಲ.

"ನಿಜವಾಗಿ ಎಷ್ಟಿದ್ದಾರೆ?"

"ನೂರ ಹತ್ತರ ಹತ್ತಿರ."

"ತೂಗೋದು ಯಾವತ್ತು?"

"ಸೋಮವಾರ. ಕೆಲಸ ಮುಗಿದ ಮೇಲೆ, ನಾಲ್ಕು ಗಂಟೆಗೆ."

"ಐದು ವಾರದಿಂದ ಗೊತ್ತಿತ್ತು ನಿಂಗೆ."

ನಾನು ಹಳೆಯ ಕಟ್ಟನ್ನು ನೆಲದಿಂದ ಎತ್ತಿಕೊಂಡೆ.

"ನಿಂದೂ ಒಂದು ತಲೆ ಅಂತ ಹೊತ್ಕೊಂಡು ತಿರುಗ್ತೀಯಲ್ಲ," ಎಂದಳು. ಕಟ್ಟಿನ ತುದಿ ಹಲ್ಲಿನಿಂದ ಹರಿದಳು. "ಸೋಮವಾರ ಒಂದೂವರೆಗೆ ದೂರದ ಬಸ್ಸಿದೆ. ವಾರಕ್ಕೊಂದೇ. ಎಲ್ಲಿಗೆ ಅಂತ ಕೇಳ್ಬೇಡ. ನಿಂಗೆ ಗೊತ್ತಿದ್ರೆ ಅವನು ನಿನ್ನ ಬಾಯಿಂದ ತೆಗೀತಾನೆ. ನಾಲ್ಕಕ್ಕೆ ಅವನು ಅಲ್ಲಿ ತೂಗಿಸ್ಕೊಳ್ಳೋ ಹೊತ್ತಿಗೆ ನಾನು ನಾಲ್ಕು ಊರು ದಾಟಿರ್ತೀನಿ."

ಅಕ್ಕ ಅವನನ್ನು ಏಕವಚನದಲ್ಲಿ ಕರೆದದ್ದು ನಾನು ಕೇಳಿದ್ದು ಅದೇ ಮೊದಲು.

"ಅಡುಗೆ ಮಾಡಿಟ್ಟು ಹೋಗ್ತೀನಿ," ಎಂದಳು ಮತ್ತೆ. "ಬೆಣ್ಣೆ, ಮಾಂಸ, ಎಲ್ಲ. ಎರಡು ತಿಂಗಳು ಆ ಮುಖ ನೋಡಿದ್ದೀನಿ. ಮನೆಗೆ ಹೆಂಗೇ ಬರಲಿ, ಮೊದಲು ಪಾತ್ರೆ ಮುಚ್ಚಳ ತೆಗೀತಾನೆ. ಅಷ್ಟು ಹೊತ್ತು ಸಿಕ್ಕಿದ್ರೂ ಲಾಭ."

ಶುಕ್ರವಾರ ಪರದೆ ಮತ್ತೆ ನೂರ ಐದರ ಮೇಲೆ ತೋರಿಸಿತು; ಶನಿವಾರದಿಂದ ಭಾವ ನೀರು ಕುಡಿಯುವುದನ್ನೂ ಬಿಟ್ಟ. ಸೋಮವಾರ ಬೆಳಿಗ್ಗೆ ಅವನ ತುಟಿಗಳು ಸೀಳಿದ್ದವು, ಕಣ್ಣು ಗುಳಿ ಬಿದ್ದಿದ್ದವು. ಹನ್ನೆರಡು ಗಂಟೆಗೆ ಸಾಲು ಊಟಕ್ಕೆ ನಿಂತಾಗ ಅವನು ನೇರ ಮೇಸ್ತ್ರಿಯ ಬಳಿ ಹೋದ.

"ನಾಲ್ಕು ಗಂಟೆವರೆಗೆ ತಡೆಯೋಕಾಗಲ್ಲ. ಬಾಯಿ ಒಣಗಿ ಸಾಯ್ತಾ ಇದೀನಿ. ಈಗಲೇ ತೂಗಿಬಿಡಿ."

"ಆಗಲಿ ಬಾರಪ್ಪ, ನಿನ್ನದೊಂದು ಮದುವೆ ಮುಗಿಸಿಬಿಡೋಣ," ಎಂದ ಮೇಸ್ತ್ರಿ.

ನಾನು ಗಡಿಯಾರ ನೋಡಿದೆ. ಅಕ್ಕ ಇನ್ನೂ ಒಲೆಯ ಮುಂದೆ ಇರುತ್ತಾಳೆ.

ನರ್ಸಮ್ಮನ ತಕ್ಕಡಿ ನೂರ ಒಂಬತ್ತು ಎಂದಿತು. ಭಾವ ಇಳಿದು ಮತ್ತೆ ಹತ್ತಿದ. ನೂರ ಒಂಬತ್ತು. ಬೂಟು ಬಿಚ್ಚಿ ಹತ್ತಿದ, ಅಂಗಿ ಬಿಚ್ಚಿ ಹತ್ತಿದ.

"ಏಳು ಕಿಲೋ ಇಳಿಸಿದ್ದೀರಿ," ಎಂದಳು ನರ್ಸಮ್ಮ ಮೆತ್ತಗೆ. "ಅದು ಕಡಿಮೆ ಅಲ್ಲ. ಇನ್ನೊಂದು ತಿಂಗಳು..."

"ಇದು ಕೆಟ್ಟಿದೆ," ಎಂದ ಭಾವ. "ಬನ್ನಿ ಎಲ್ಲರೂ. ಬನ್ನಿ, ತೋರಿಸ್ತೀನಿ."

ಮೈಮೇಲೆ ಅಂಗಿಯಿಲ್ಲದೆ, ಬರಿಗಾಲಿನಲ್ಲಿ ನನ್ನ ಕಂಬಿಯವರೆಗೆ ನಡೆದ. ಊಟ ಬಿಟ್ಟು ಇಪ್ಪತ್ತು ಜನ ಹಿಂದೆ ಬಂದರು. ಕೊಕ್ಕೆಯನ್ನು ತಾನೇ ಆಚೆ ತಳ್ಳಿ ಜೋತುಬಿದ್ದ. ನೂರ ನಾಲ್ಕೂವರೆ. "ನೋಡಿ!" ಎಂದು ಕೂಗಿದ. ಒಣಗಿದ ಗಂಟಲಿನಿಂದ ಅರ್ಧ ಸದ್ದು ಮಾತ್ರ ಹೊರಟಿತು. "ನೋಡಿ, ನೋಡಿ!"

ಮೇಸ್ತ್ರಿ ಪರದೆ ನೋಡಿದ, ಕಂಬಿ ನೋಡಿದ. ಆಮೇಲೆ ನಗಲು ಶುರುಮಾಡಿದ. ಅವನಿಗೆ ನಿಲ್ಲಿಸಲಾಗಲಿಲ್ಲ.

"ಕೊಕ್ಕೆ ತೆಗೆದು ತೂಗಿದ್ದೀಯೇನೋ ಮಾರಾಯ! ಯಂತ್ರ ಕೊಕ್ಕೆ ತೂಕ ಕಳೀತದೆ ಕಣಪ್ಪ, ನಾಲ್ಕೂವರೆ ಕಿಲೋ! ಎರಡು ತಿಂಗಳು ಇಲ್ಲದ ಕೊಕ್ಕೇನ ಇಳಿಸಿದ್ದೀಯ!"

ಎಲ್ಲರೂ ನಕ್ಕರು. ಹಲ್ಲಿಲ್ಲದ ಬಾಯಿಬಡುಕ ಎಲ್ಲರಿಗಿಂತ ಜೋರಾಗಿ ನಕ್ಕ. ಭಾವ ಇನ್ನೂ ಜೋತುಬಿದ್ದೇ ಇದ್ದ. ನಿಧಾನವಾಗಿ ಇಳಿದು ನನ್ನ ಮುಂದೆ ನಿಂತ.

"ನಿಂಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ಅವನು ನಂಬುತ್ತಿದ್ದ. ನಂಬಿ, ಮೇಸ್ತ್ರಿಗೆ ಬೈದು, ಅದೆಲ್ಲವನ್ನೂ ತುಂಬಿಕೊಂಡು ಮನೆಗೆ ಹೋಗುತ್ತಿದ್ದ. ಗೋಡೆಯ ಗಡಿಯಾರ ಹನ್ನೆರಡೂ ಇಪ್ಪತ್ತು ತೋರಿಸುತ್ತಿತ್ತು.

"ಗೊತ್ತಿತ್ತು ಭಾವ," ಎಂದೆ. "ಮೂರನೇ ವಾರದಿಂದ. ಆರನೇ ವಾರ ನಾನೇ ನಿಮ್ಮನ್ನ ಎತ್ತಿ ಹಿಡಿದಿದ್ದೆ."

ಮೊದಲ ಏಟಿಗೆ ಮೂಗು ಮುರಿಯಿತು. ಎರಡನೆಯದು ಯಾವ ಕಡೆಯಿಂದ ಬಂತೋ ತಿಳಿಯಲಿಲ್ಲ; ಕಬ್ಬಿಣದ ಕಂಬ ನನ್ನ ತಲೆಯ ಹಿಂದಿತ್ತು, ಅವನು ತಲೆಯನ್ನು ಅದಕ್ಕೆ ಜಜ್ಜಿದ. ಬಿದ್ದ ಮೇಲೆ ಪಕ್ಕೆಗೆ ಒದ್ದ. ಬರಿಗಾಲು, ಬೂಟು ಬಿಚ್ಚಿದ್ದು ನನ್ನ ಪುಣ್ಯ. ಆದರೂ ಒಳಗೆ ಏನೋ ಲಟಕ್ಕೆಂದದ್ದು ನನಗೇ ಕೇಳಿತು. ಅವನು ಬೈಯಲಿಲ್ಲ, ಕೂಗಲಿಲ್ಲ. ಕೆಲಸ ಮಾಡುವ ಹಾಗೆ ಹೊಡೆದ. ಕೊನೆಗೆ ಕಂಬಿಯಿಂದ ಕೊಕ್ಕೆ ಕಿತ್ತು ಬೀಸಿದಾಗ ನಾನು ಹೊರಳಿದೆ. ಮೊನೆ ಬಲಭುಜಕ್ಕೆ ಇಳಿದು ಮೂಳೆಗೆ ತಾಗಿ ನಿಂತಿತು. ಅವನು ಎಳೆದ. ಮಾಂಸ ಕಿತ್ತುಬಂತು.

ಆಗ ಜನ ಮೈಮೇಲೆ ಬಿದ್ದು ಅವನನ್ನು ಹಿಡಿದರು. ಅವನು ಕೊಕ್ಕೆ ಕೆಳಗೆ ಹಾಕಿದಾಗ ಎಲ್ಲರೂ ಬಿಟ್ಟುಬಿಟ್ಟರು. ಆರೋಗ್ಯದ ಕೋಣೆಯಿಂದ ಬೂಟು, ಅಂಗಿ ತಂದು ಹಾಕಿಕೊಂಡ. ಅವನು ಗೇಟಿನಿಂದ ಹೊರಗೆ ನಡೆದ.

ನರ್ಸಮ್ಮ ಭುಜದ ತೂತಿಗೆ ಬಟ್ಟೆ ತುರುಕುತ್ತಾ, "ಮಲಗಿರಿ, ಅಲ್ಲಾಡಬೇಡಿ, ಆಂಬುಲೆನ್ಸ್ ಬರ್ತಾ ಇದೆ," ಎನ್ನುತ್ತಿದ್ದಳು. ಹನ್ನೆರಡೂ ಮೂವತ್ತೈದು. ಬಸ್ ನಿಲ್ದಾಣ ಅಕ್ಕನ ಮನೆಯ ಬೀದಿಯ ಹಿಂದೆಯೇ, ಎರಡು ನಿಮಿಷದ ದಾರಿ. ಮನೆ ಖಾಲಿ ಎಂದು ಕಂಡರೆ ಅವನು ಮೊದಲು ಹೋಗುವುದು ಅಲ್ಲಿಗೇ. ನಾನು ನರ್ಸಮ್ಮನ ಕೈ ಸರಿಸಿ ಎದ್ದೆ.

"ನಿಮಗೂ ಹುಚ್ಚಾ?" ಎಂದಳು. ಉತ್ತರ ಕೊಡಲು ಬಾಯಿ ತೆರೆದರೆ ರಕ್ತ ಬಂತು.

ಅಕ್ಕನ ಮನೆಗೆ ಇಪ್ಪತ್ತು ನಿಮಿಷದ ದಾರಿ. ಗೋಡೆ ಹಿಡಿದು ನಡೆದೆ. ಎದುರು ಬಂದವರು ರಸ್ತೆ ದಾಟಿ ಆಚೆಗೆ ಹೋದರು. ನಾನು ಮನೆ ಮುಟ್ಟಿದಾಗ ಬಾಗಿಲು ತೆರೆದಿತ್ತು. ಎರಡು ದಿನ ನೀರಿಲ್ಲದ ಭಾವನೂ ಆಗಷ್ಟೇ ಮುಟ್ಟಿರಬೇಕು, ಅಡುಗೆಮನೆಯಲ್ಲಿ ಮುಚ್ಚಳ ಹಿಡಿದು ನಿಂತಿದ್ದ. ಆವಿ ಅವನ ಮುಖಕ್ಕೆ ಹೊಡೆಯುತ್ತಿತ್ತು. ಅಕ್ಕ ಇರಲಿಲ್ಲ. ಗೋಡೆಯ ಗಡಿಯಾರದಲ್ಲಿ ಒಂದು ದಾಟಿ ಎರಡು ನಿಮಿಷ.

"ಎಲ್ಲಿ ಅವಳು?"

"ಬೆಣ್ಣೆ ತರೋಕೆ ಹೋಗಿದ್ದಾಳೆ," ಎಂದೆ. ಮುರಿದ ಮೂಗಿನಿಂದ ಮಾತು ಯಾರದೋ ಹಾಗೆ ಕೇಳಿತು. "ದಾರೀಲಿ ಸಿಕ್ಕಿದ್ಲು. ಗೆದ್ರೂ ಸೋತ್ರೂ ಇವತ್ತು ನಿಮಗೆ ಹೊಟ್ಟೆ ತುಂಬ ಬಡಿಸ್ತೀನಿ ಅಂದ್ಲು. ಶುರು ಮಾಡಿ ಅಂದ್ಲು."

ಅವನು ನನ್ನ ಭುಜ ನೋಡಿದ, ಪಾತ್ರೆ ನೋಡಿದ. ಕೂತ.

ನಾನು ಎಡಗೈಯಿಂದ ಬಡಿಸಿದೆ. ಮೊದಲು ಒಂದು ಚೊಂಬು ನೀರು ಗಟಗಟ ಕುಡಿದ. ಆಮೇಲೆ ಮಾಂಸ. ಆಮೇಲೆ ಕರಿದ ಆಲೂಗೆಡ್ಡೆ, ಹಿಡಿ ಹಿಡಿ. ಅಗಿಯಲಿಲ್ಲ, ನುಂಗಿದ. ಬೆಣ್ಣೆಯನ್ನು ಬೆರಳಿನಿಂದ ಬಾಚಿ ಬಾಯಿಗೆ ಹಾಕಿಕೊಂಡ. ಅವನ ಬೆರಳ ಗೆಣ್ಣುಗಳ ಮೇಲೆ ನನ್ನ ರಕ್ತ ಒಣಗಿತ್ತು. ಒಂದೂ ಹತ್ತು. ತಟ್ಟೆ ಖಾಲಿಯಾಗುವ ಮೊದಲೇ ಮತ್ತೊಂದು ಸೌಟು ಹಾಕಿದೆ. ನನ್ನ ತೋಳಿನಿಂದ ಹನಿ ಮೇಜಿನ ಮೇಲೆ ಬೀಳುತ್ತಿತ್ತು. ಅವನು ತಟ್ಟೆಯನ್ನು ಸ್ವಲ್ಪ ಈಚೆಗೆ ಎಳೆದುಕೊಂಡ.

"ಚೆನ್ನಾಗಿ ಮಾಡಿದ್ದಾಳೆ," ಎಂದ. ಕಣ್ಣಲ್ಲಿ ನೀರು ಬರುತ್ತಿತ್ತು, ಅವನಿಗೆ ಗೊತ್ತಿರಲಿಲ್ಲ ಅನ್ನಿಸುತ್ತದೆ.

"ಹೂಂ ಭಾವ."

"ತುಂಬ ನೋಯ್ತಿದೆಯಾ?"

"ಹೂಂ."

"ಬರಲಿ ಅವಳು. ಕಟ್ಟು ಹಾಕ್ತಾಳೆ. ಕರುಳಿನ ಕೋಣೆಗೆ ನಾನು ಹೋಗಲ್ಲ ಕಣೋ. ಅವಳಿಗೂ ಹೇಳ್ಬೇಕು."

ಒಂದೂ ಇಪ್ಪತ್ತು. ಹಾಲು ಬಗ್ಗಿಸಿದೆ, ಸಕ್ಕರೆ ಸುರಿದೆ. ಕುಡಿದ. ಅನ್ನ ಹಾಕಿದೆ. ತಿನ್ನುತ್ತಾ ತಿನ್ನುತ್ತಾ ಅವನ ಕೈ ನಿಧಾನವಾಯಿತು. ಬಟ್ಟಲಲ್ಲಿ ಉಳಿದಿದ್ದ ಬೆಣ್ಣೆಯ ಮುದ್ದೆಯನ್ನು ನೋಡಿದ, ದೊಡ್ಡ ಮುದ್ದೆ. ಆಮೇಲೆ ನನ್ನನ್ನು ನೋಡಿದ.

"ಬೆಣ್ಣೆ ಇದೆಯಲ್ಲೋ."

ನಾನು ಸೌಟು ಎತ್ತಿದೆ. ಅವನು ಅದನ್ನು ಬದಿಗೆ ತಳ್ಳಿ ಎದ್ದು ಒಳಕೋಣೆಗೆ ಹೋದ. ಅಕ್ಕನ ಬಟ್ಟೆಯ ಬೀರುವಿನ ಬಾಗಿಲು ತೆರೆದ ಸದ್ದು. ಒಂದೂ ಇಪ್ಪತ್ತಾರು. ನಾನು ಮುಂಬಾಗಿಲ ಬಳಿ ಹೋಗಿ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತೆ. ನಿಲ್ಲಲು ಆಗುತ್ತಿರಲಿಲ್ಲ.

ಅವನು ಬಂದ. "ಏಳು," ಎಂದ.

"ಇಲ್ಲ ಭಾವ."

ಈ ಸಲ ಕಾಲಿನಲ್ಲಿ ಬೂಟಿತ್ತು. ಅವನು ಎಷ್ಟು ಸಲ ಒದ್ದನೋ ನನಗೆ ನೆನಪಿಲ್ಲ. ಎಡಗೈಯಿಂದ ಬಾಗಿಲ ಚೌಕಟ್ಟು ಹಿಡಿದಿದ್ದೆ. ಅವನು ಒಂದೊಂದೇ ಬೆರಳು ಹಿಂದಕ್ಕೆ ಮಡಿಸಿ ಮುರಿದು ಬಿಡಿಸಿದ. ಕಿರುಬೆರಳು, ಅದರ ಪಕ್ಕದ್ದು, ನಡುಬೆರಳು. ಆಮೇಲೆ ಕಾಲು ಹಿಡಿದು ಅಡುಗೆಮನೆಯವರೆಗೆ ಎಳೆದು ಎಸೆದ. ಬಿದ್ದಲ್ಲಿಂದ ಗಡಿಯಾರ ಕಾಣುತ್ತಿತ್ತು. ಒಂದೂ ಮೂವತ್ತೈದು.

ಚಿಲಕ ತೆಗೆದು ಓಡಿದ. ಬೂಟಿನ ಸದ್ದು ಬೀದಿಯ ಮೂಲೆಯವರೆಗೆ ಜೋರಾಗಿ ಹೋಯಿತು, ಅಲ್ಲಿ ನಿಂತಿತು. ಆಮೇಲೆ ವಾಂತಿಯ ಸದ್ದು. ಎರಡು ತಿಂಗಳಿನ ಹಸಿವಿನ ಮೇಲೆ ಅರ್ಧ ಗಂಟೆಯಲ್ಲಿ ಸುರಿದುಕೊಂಡದ್ದೆಲ್ಲ ಬರುತ್ತಿತ್ತು. ನಡುವೆ ಅಕ್ಕನ ಹೆಸರು ಕೂಗುತ್ತಿದ್ದ, ಮತ್ತೆ ವಾಂತಿ. ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುವುದು ಒಂದೊಂದಾಗಿ ಕೇಳಿತು.

ಅಕ್ಕ ಯಾವ ಊರಿಗೆ ಹೋದಳೋ ನನಗೆ ತಿಳಿಯದು. ಪೊಲೀಸರಿಗೂ ಅದನ್ನೇ ಹೇಳಿದೆ, ಆಸ್ಪತ್ರೆಗೆ ನನ್ನನ್ನು ನೋಡಲು ಬಂದ ನರ್ಸಮ್ಮನಿಗೂ ಅದನ್ನೇ ಹೇಳಿದೆ.